ಗಯಾಬಾಯಿ ಮನೆಯ ತಾಟುಗಳು

ರಾಜೇಶ್ವರದಲ್ಲಿ ಹೆದ್ದಾರಿಯ ಪಕ್ಕದಲ್ಲೇ ಜಿಜಾಬಾಯಿಯ ಮನೆ. ಮಗ ಕುರಿ ಹಿಂಡಿನ ಜೊತೆ ಊರೂರು ತಿರುಗುತ್ತಾನೆ. ಮನೆಯಲ್ಲಿ ಅತ್ತೆ, ಸೊಸೆ ಗಯಾಬಾಯಿ, ಒಂದು ಎಳೆ ಕೂಸು. ಲಾರಿ ಹೋದಾಗಲೆಲ್ಲ ಹಲಗೆಯ ಮೇಲಿನ ತಾಟುಗಳು ಗಲಗಲ ಎನ್ನುತ್ತವೆ. ಮೊದಲೆಲ್ಲ ಅದನ್ನು ಯಾರೂ ಕಿವಿಗೆ ಹಾಕಿಕೊಂಡವರಲ್ಲ.

ಆ ವರ್ಷ ಗಡಿಯಾಚೆಯ ಕಿಲ್ಲಾರಿಯಲ್ಲಿ ಊರನ್ನೇ ನೆಲಸಮ ಮಾಡಿದ ಭೂಕಂಪ ಇಲ್ಲೂ ಗೋಡೆ ಅಲುಗಿಸಿ ಹೋಯಿತು. ಮನೆ ಗಟ್ಟಿಯಿದೆ ಎಂದು ಮೇಸ್ತ್ರಿ ನೋಡಿ ಹೇಳಿದ್ದ. ಆದರೂ ತಾಟು ಸದ್ದಾದರೆ ಸಾಕು, ಗಯಾಬಾಯಿ ಕೂಸನ್ನೆತ್ತಿಕೊಂಡು ಅಂಗಳಕ್ಕೆ ಓಡುತ್ತಿದ್ದಳು. ಮಲಗುವುದೂ ಅಲ್ಲೇ. ಚಳಿ ಬಂದು ಕೂಸಿಗೆ ಕೆಮ್ಮು ಹಿಡಿಯಿತು.

ನರ್ಸಬಾಯಿ ವಜೀರಬಿ ಔಷಧ ತಂದಳು. “ಕೂಸಿಗೆ ಒಳಗ ಬೆಚ್ಚಗ ಮಲಗಸ್ರಿ. ಇಲ್ಲಂದ್ರ ಕೆಮ್ಮು ಎದಿಗೆ ಇಳೀತದ.”

ಗಯಾಬಾಯಿ ಕೂಸನ್ನೆತ್ತಿಕೊಂಡು ಒಳಗೆ ಒಲೆಯ ಮುಂದಿದ್ದಳು; ಜಿಜಾಬಾಯಿ ಅಲ್ಲೇ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. “ಇದರ ಅವ್ವ ರಾತ್ರಿ ಒಳಗ ಮಲಗಿದ್ರಲ್ಲೇನ್ರಿ? ಪಲ್ಯಾಕ ಎರಡೆರಡು ಸಲ ಉಪ್ಪು ಹಾಕ್ತಾಳ. ಕೇಳಿದ್ರ ಮೈಮ್ಯಾಲ ಬರ್ತಾಳ. ದೆವ್ವ ಹೊಕ್ಕದ ಬಿಡ್ರಿ.”

“ದೆವ್ವಲ್ಲ ಬಾಯಿ, ಅಂಜಿಕಿ. ನಿಮ್ಮ ಹಿಂಡಿನ ನಾಯಿ ಒಂದ್ಸಲ ತೋಳ ಕಂಡ್ರ, ಆಮ್ಯಾಲ ಎಲಿ ಅಲುಗಿದ್ರೂ ಬೊಗಳ್ತದಲ್ಲ? ನಮ್ಮ ಮಿದುಳಿನ್ಯಾಗೂ ಹಂಥಾದೇ ಒಂದು ಕಾವಲು ಅದ. ಅಪಾಯ ಖರೇನೋ ಸುಳ್ಳೋ ನೋಡೂಕಿಂತ ಮೊದಲೇ ಎದಿ ಬಡಿಸ್ತದ, ಕಾಲು ಓಡಿಸ್ತದ. ವಿಚಾರ ಮಾಡೂ ಬುದ್ಧಿ ಹಿಂದ ಉಳೀತದ. ದಿನಾ ಹಿಂಗಾದ್ರ ನಿದ್ದಿ ಹೋಗ್ತದ, ಮರವು ಬರ್ತದ, ಸಿಟ್ಟು ಬರ್ತದ.”

“ಸುಮ್ನಿರ್ರಿ. ಭೂಮಿ ನನ್ನ ಕಾಲ ಕೆಳಗೂ ಅಲುಗಿತ್ತು. ನಾ ಏನ್ ಓಡಾಕತ್ತೇನಾ?”

ಅಷ್ಟರಲ್ಲಿ ಹುಮನಾಬಾದ್ ಕಡೆಯಿಂದ ಒಂದು ಭಾರಿ ಲಾರಿ ಬಂತು. ತಾಟುಗಳು ಗಲಗಲ ಎಂದವು. ಲಾರಿ ದಾಟಿದ ಮೇಲೆ ನೋಡಿದರೆ ಗಯಾಬಾಯಿ ಕೂಸಿನೊಂದಿಗೆ ಅಂಗಳದಲ್ಲಿದ್ದಳು. ಅವಳಿಗಿಂತ ಮುಂದೆ, ಮೊರ ಹಿಡಿದುಕೊಂಡೇ, ಜಿಜಾಬಾಯಿ ನಿಂತಿದ್ದಳು. ಬೇಳೆಯೆಲ್ಲ ಹೊಸ್ತಿಲ ಮೇಲೆ ಚೆಲ್ಲಿತ್ತು.

ಎಷ್ಟೋ ದಿನದ ಮೇಲೆ ಗಯಾಬಾಯಿ ನಕ್ಕಳು. “ಅತ್ತಿ, ನಿಮಗೂ ದೆವ್ವ ಹೊಕ್ತೇನ್ರಿ?”

ಜಿಜಾಬಾಯಿಗೂ ನಗು ಬಂತು, ನಗುತ್ತಲೇ ಕಣ್ಣು ತುಂಬಿತು. “ಅಂಜಿಕಿ ನನಗೂ ಅದ, ಮಗಳ. ನಿನಗ ಬೈದು ಬೈದು ಅದನ್ನ ಮುಚ್ಚಿಟ್ಟಿದ್ದೆ.”

“ಸದ್ದು ಯಾವುದರದು ಅಂತ ಬಾಯಿಬಿಟ್ಟು ಹೇಳ್ರಿ. ನಿಧಾನ ಉಸಿರು ಬಿಡ್ರಿ. ಕಾವಲು ತಾನೇ ಸಮಾಧಾನ ಆಗ್ತದ,” ಎಂದಳು ವಜೀರಬಿ.

ಅಂದು ಸಂಜೆ ಅತ್ತೆಯೇ ಒಳಗೆ ಕೌದಿ ಹಾಸಿದಳು. ಲಾರಿ ಬಂತು, ತಾಟು ಸದ್ದಾಯಿತು. ಗಯಾಬಾಯಿ ಕೂಸನ್ನೆತ್ತಿಕೊಂಡು ಎದ್ದಳು. ಜಿಜಾಬಾಯಿ ಅವಳ ಕೈ ಹಿಡಿದಳು. “ಲಾರಿ ಅದ. ಉಸಿರು ಬಿಡು. ನಾನೂ ಬಿಡ್ತೀನಿ.” ಇಬ್ಬರೂ ಹಾಗೇ ಕೂತರು. ಆಮೇಲೆ ಗಯಾಬಾಯಿ ಕೂಸನ್ನು ಮತ್ತೆ ಕೌದಿಯ ಮೇಲೆ ಮಲಗಿಸಿದಳು.

ಈಗ ನಿಮ್ಮ ಮನೆಯ ಕಡೆ ಒಮ್ಮೆ ನೋಡಿ. ಯಾರಾದರೂ ಸುಮ್ಮಸುಮ್ಮನೆ ಬೆಚ್ಚುತ್ತಾರೆಯೇ, ಮರೆಯುತ್ತಾರೆಯೇ, ರೇಗುತ್ತಾರೆಯೇ? ಹುಚ್ಚು ಎನ್ನಬೇಡಿ, ದೆವ್ವ ಎನ್ನಬೇಡಿ. ಕೆಲವು ವಾರವಾದರೂ ಕಡಿಮೆಯಾಗದಿದ್ದರೆ ದವಾಖಾನೆಗೆ ನೀವೇ ಜೊತೆಗೆ ಹೋಗಿ. ಹೆದರಿದವರಿಗೆ ಬೈದರೆ ನೀವೇ ತೋಳವಾಗಿ ಕಾಣುತ್ತೀರಿ. ಪಕ್ಕದಲ್ಲಿ ಕೂತು ಕೈ ಹಿಡಿಯಿರಿ.