ಆರು ತಿಂಗಳು ತುಂಬಿದವರಿಗೆ

ಮೂವತ್ತೆಂಟು ವರ್ಷ ಕ್ಷೌರದ ಅಂಗಡಿ ನಡೆಸಿದವನು ನಾನು. ಕುರ್ಚಿಯಲ್ಲಿ ಕೂತವರ ತಲೆ ನನ್ನ ಒಂದು ಕೈಯಲ್ಲಿ, ಕತ್ತಿ ಇನ್ನೊಂದು ಕೈಯಲ್ಲಿ. ಹಾಗಾಗಿ ನನ್ನ ಮಾತಿಗೆ ಎದುರಾಡಿದವರು ಕಡಿಮೆ. ಮಂಡಿನೋವು, ಬಾಡಿಗೆ ಮನೆಯ ಜಗಳ, ಮಾತು ಕೇಳದ ಮಕ್ಕಳು, ಯಾವುದಕ್ಕೂ ನನ್ನ ಹತ್ತಿರ ಸಲಹೆ ಇಲ್ಲ ಎಂದಿರಲಿಲ್ಲ. ಕೈ ನಡುಗಲು ಶುರುವಾದ ಮೇಲೆ ಅಂಗಡಿ ಮುಚ್ಚಿದೆ. ಬಾಯಿ ಮುಚ್ಚಲಿಲ್ಲ.

ಅದರ ಫಲ ಅನುಭವಿಸಿದವಳು ನನ್ನ ಮಗಳು. ಅವಳ ಗಂಡ ದೂರದೂರಿಗೆ ಲಾರಿ ಓಡಿಸುವವನು, ಹದಿನೈದು ದಿನಕ್ಕೊಮ್ಮೆ ಮುಖ ತೋರಿಸಿ ಹೋಗುತ್ತಾನೆ. ನನ್ನವಳು ತೀರಿಕೊಂಡು ಆರು ವರ್ಷ ಆಯಿತು. ನಾಲ್ಕು ತಿಂಗಳಿಗೆ ಹೆರಿಗೆ ರಜೆ ಮುಗಿದು ಮಗಳು ಹೊಲಿಗೆ ಕಾರ್ಖಾನೆಗೆ ವಾಪಸು ಹೊರಟಾಗ, ಮೊಮ್ಮಗನನ್ನು ನೋಡಿಕೊಳ್ಳಲು ಉಳಿದವನು ನಾನೊಬ್ಬನೇ. ಅವನನ್ನು ನಾನು ಸಾಹೇಬರು ಎಂದು ಕರೆಯುತ್ತೇನೆ. ತಾನೊಂದು ಕಡ್ಡಿ ಎತ್ತಿಡದೆ ಮನೆಮಂದಿಯನ್ನೆಲ್ಲ ಓಡಾಡಿಸುವವನನ್ನು ಇನ್ನೇನೆಂದು ಕರೆಯಬೇಕು?

ಮಗಳು ಬೆಳಿಗ್ಗೆ ಹೊರಡುವ ಮುಂಚೆ ಎದೆಹಾಲು ತೆಗೆದು ಬಾಟಲಿಗಳಲ್ಲಿ ತುಂಬಿ ಫ್ರಿಜ್ಜಿನಲ್ಲಿಡುತ್ತಿದ್ದಳು. ಮೊದಲ ವಾರ ಮೂರು ಬಾಟಲಿ ತುಂಬುತ್ತಿತ್ತು. ಆಮೇಲೆ ಮೂರನೆಯದು ಅರ್ಧವಾಯಿತು, ಕಾಲಾಯಿತು, ಕೊನೆಗೆ ಇಲ್ಲವೇ ಆಯಿತು. ಅಂಗಡಿಯ ಪುಡಿಹಾಲು ಕೊಟ್ಟು ನೋಡಿದ್ದೆವು. ಸಾಹೇಬರ ಮೈಯೆಲ್ಲ ದದ್ದು ಎದ್ದು, ಇನ್ನು ಅದನ್ನು ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರು. ಹಸುವಿನ ಹಾಲೂ ಸದ್ಯಕ್ಕೆ ಬೇಡವೆಂದಿದ್ದರು. ಲಸಿಕೆ ಹಾಕುವ ನರ್ಸಮ್ಮನಂತೂ ಕಡ್ಡಿ ಮುರಿದ ಹಾಗೆ ಹೇಳಿ ಕಳಿಸಿದ್ದಳು: ಆರು ತಿಂಗಳವರೆಗೆ ಗಂಜಿ ಗಿಂಜಿ ಏನೂ ಬೇಡ. ಕುತ್ತಿಗೆ ಗಟ್ಟಿಯಾಗಿ ನಿಲ್ಲಬೇಕು, ಆನಿಸಿ ಕೂರಿಸಿದರೆ ಕೂರಬೇಕು, ಚಮಚ ತುಟಿಗಿಟ್ಟರೆ ನಾಲಿಗೆ ಅದನ್ನು ಹೊರಗೆ ತಳ್ಳಬಾರದು. ತಳ್ಳಿದರೆ ಒಳಗಿನ ಯಂತ್ರ ಇನ್ನೂ ತಯಾರಾಗಿಲ್ಲ ಎಂದರ್ಥ.

ಮಗಳು ಆ ಸಂಜೆಯೇ ನನ್ನೆದುರು ಖಾಲಿ ಚಮಚ ಹಿಡಿದು ಪರೀಕ್ಷೆ ಮಾಡಿದಳು. ಸಾಹೇಬರ ನಾಲಿಗೆ ಚಮಚವನ್ನು ತಳ್ಳಿತು. ನೋಡಿದೆಯಾ ಎನ್ನುವಂತೆ ಅವಳು ನನ್ನ ಕಡೆ ತಿರುಗಿದಳು. ನನಗೆ ಸೋತು ಅಭ್ಯಾಸವಿಲ್ಲ.

"ನಿಂಗೆ ಮೂರು ತಿಂಗಳಿಗೇ ಗಂಜಿ ಕುಡಿಸಿದ್ವಿ," ಎಂದೆ. "ಈಗ ಕಲ್ಲುಗುಂಡಿನ ಹಾಗೆ ಇಲ್ವಾ?"

ಅವಳು ಚಮಚ ತೊಳೆಯಲು ಹೋದಳು. ಮರುದಿನ ನಾನು ಮಗುವಿಗೆ ಕೊಡುವ, ಹಾಲು ಬೆರೆಸದ ಅಕ್ಕಿ ಹಿಟ್ಟಿನ ಗಂಜಿಯ ಡಬ್ಬಿಯೊಂದನ್ನು ತಂದು, ಬೀರುವಿನ ಮೇಲೆ ನನ್ನ ಹಳೆಯ ಕತ್ತರಿ ಪೆಟ್ಟಿಗೆಯ ಹಿಂದೆ ಬಚ್ಚಿಟ್ಟೆ. ಬಿಸಿನೀರಿನಲ್ಲಿ ಕಲಸಿದರೆ ಸಾಕು, ಅಷ್ಟೇ ಕೆಲಸ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 'ಆರು ತಿಂಗಳು ತುಂಬಿದವರಿಗೆ' ಎಂದಿತ್ತು. ಅದನ್ನು ಗೋಡೆ ಕಡೆಗೆ ತಿರುಗಿಸಿಟ್ಟೆ.

ಸಾಹೇಬರಿಗೆ ನಾಲ್ಕು ತಿಂಗಳು ಹನ್ನೆರಡು ದಿನವಾಗಿದ್ದ ಬೆಳಿಗ್ಗೆ ಅದು. ಮೊದಲ ಬಾಟಲಿ ಒಂಬತ್ತಕ್ಕೆ ಮುಗಿದಿತ್ತು. ಹನ್ನೊಂದಕ್ಕೆ ಎರಡನೆಯದನ್ನು ಬಿಸಿನೀರಿನ ಪಾತ್ರೆಯಿಂದ ಎತ್ತಿ, ರಬ್ಬರು ತೊಟ್ಟಿನ ಮುಚ್ಚಳ ಕೂರಿಸಲು ಹೋದೆ. ಕೈ ನಡುಗಿತು. ಬಾಟಲಿ ಕಟ್ಟೆಗೆ ಬಡಿದು ಕೆಳಗೆ ಬಿತ್ತು. ಹಾಲು ಒಲೆಯ ಕಟ್ಟೆಯ ಕೆಳಗೆಲ್ಲ ಹರಿಯಿತು. ಅವಳು ನಸುಕಿನಲ್ಲಿ ಎದ್ದು, ಹಲ್ಲು ಕಚ್ಚಿಕೊಂಡು, ಮುಕ್ಕಾಲು ಗಂಟೆ ಕೂತು ತೆಗೆದ ಹಾಲು ಅದು. ಸುಮ್ಮನೆ ನೋಡುತ್ತ ನಿಂತೆ. ಒರೆಸುವುದಕ್ಕೂ ಮನಸ್ಸು ಬರಲಿಲ್ಲ.

ಸಾಹೇಬರು ಶುರು ಮಾಡಿದರು. ಎತ್ತಿಕೊಂಡು ಓಡಾಡಿದೆ, ಕಿಟಕಿಯಿಂದ ಬೀದಿ ತೋರಿಸಿದೆ, ಹಳೆಯ ಗಿರಾಕಿಗಳ ಕಥೆ ಹೇಳಿದೆ. ಹಸಿದ ಹೊಟ್ಟೆಗೆ ಕಥೆ ಹಿಡಿಸುತ್ತದೆಯೇ? ಕಾರ್ಖಾನೆಗೆ ಫೋನ್ ಮಾಡೋಣವೆಂದರೆ ಅಲ್ಲಿ ಕೆಲಸಗಾರರ ಫೋನುಗಳನ್ನೆಲ್ಲ ಬಾಗಿಲಲ್ಲೇ ಇಸಿದುಕೊಂಡು ಬೀಗ ಹಾಕಿಡುತ್ತಾರೆ. ಮಗಳು ಬರುವುದು ಸಂಜೆ ಆರಕ್ಕೆ. ಬೀರುವಿನ ಮೇಲಿಂದ ಡಬ್ಬಿ ಇಳಿಸಿದೆ. ಒಂದು ವಾರದಿಂದ ಯಾವ ಗಳಿಗೆಗಾಗಿ ಕಾದಿದ್ದೆನೋ ಅದು ಬಂದಿತ್ತು. ಆದರೆ ಮುಚ್ಚಳಕ್ಕೆ ಕೈ ಹಾಕಿದವನಿಗೆ ಅದನ್ನು ತೆಗೆಯಲು ಧೈರ್ಯ ಬರಲಿಲ್ಲ. ಡಬ್ಬಿ, ಚಮಚ, ಬಿಸಿನೀರಿನ ಫ್ಲಾಸ್ಕು ಮೂರನ್ನೂ ಚೀಲಕ್ಕೆ ತುರುಕಿ, ಮಗುವನ್ನು ಭುಜಕ್ಕೆ ಹಾಕಿಕೊಂಡು ಕಾರ್ಖಾನೆಯ ಕಡೆ ನಡೆದೆ.

ಗೇಟಿನ ಕಾವಲುಗಾರ ಒಳಗೆ ಬಿಡಲಿಲ್ಲ. ನನ್ನ ಮಗಳು ಅಂಗಿಗಳಿಗೆ ಕಾಲರು ಕೂರಿಸುವವಳು. ಅವಳೊಬ್ಬಳು ಎದ್ದರೆ ಅವಳ ಮುಂದಿನ ಹತ್ತು ಮಿಷನ್ನು ನಿಲ್ಲುತ್ತವಂತೆ. ಊಟದ ಗಂಟೆ ಹನ್ನೆರಡೂವರೆಗೆ, ಅಲ್ಲಿಯವರೆಗೆ ಕಾಯಬೇಕು ಎಂದ. ಸಿಟ್ಟು ನೆತ್ತಿಗೇರಿತು. ಆದರೆ ಅವನು ತನ್ನ ಸ್ಟೂಲನ್ನೇ ನನಗೆ ಬಿಟ್ಟುಕೊಟ್ಟದ್ದರಿಂದ ಬಯ್ಯಲಾಗಲಿಲ್ಲ. ಗಡಿಯಾರ ನೋಡಿದೆ. ಇನ್ನೂ ಮುಕ್ಕಾಲು ಗಂಟೆ ಇತ್ತು.

ಸಾಹೇಬರ ಕೂಗಿಗೆ ಬೀದಿಯ ಆಚೆಯವರೂ ತಿರುಗಿ ನೋಡುತ್ತಿದ್ದರು. ಚೀಲದಿಂದ ಇಣುಕುತ್ತಿದ್ದ ಡಬ್ಬಿಯನ್ನು ಕಾವಲುಗಾರ ಕಂಡ.

"ಇದೆಯಲ್ಲ, ಕೊಡಿ ಯಜಮಾನ್ರೇ," ಎಂದ. "ನಮ್ಮ ಮಕ್ಕಳಿಗೆ ಬಿಸ್ಕತ್ತು ನೆನೆಸಿ ತಿನ್ನಿಸಿದ್ವಿ. ಏನೂ ಆಗಲ್ಲ."

ಅಂಗಡಿಯಲ್ಲಿ ನಾನು ಮಾತಾಡುತ್ತಿದ್ದದ್ದೂ ಥೇಟ್ ಇದೇ ಧಾಟಿಯಲ್ಲಿ. ಅದೇ ಕಾರಣಕ್ಕೆ ನನಗೆ ಅವನ ಮಾತಿನಲ್ಲಿ ಎಳ್ಳಷ್ಟೂ ನಂಬಿಕೆ ಬರಲಿಲ್ಲ. ಯಾರಾದರೂ ತಿಳಿದವರು ಬಂದು ಕೊಡು ಅನ್ನಲಿ, ಇಲ್ಲ ಬೇಡ ಅನ್ನಲಿ ಎಂದು ಪ್ರಾಣ ಹಾತೊರೆಯುತ್ತಿತ್ತು. ನನ್ನವಳು ಹಿಂದೆ ಮಗಳಿಗೆ ಮೊದಲ ತುತ್ತು ಕೊಟ್ಟದ್ದನ್ನು ನೆನಪು ಮಾಡಿಕೊಳ್ಳಲು ನೋಡಿದೆ. ಎಷ್ಟು ತಿಂಗಳಿಗೆ, ಏನು ಕಲಸಿದಳು, ಎಲ್ಲಿ ಕೂತಿದ್ದಳು? ಏನೂ ನೆನಪಾಗಲಿಲ್ಲ. ನೆನಪಾಗಲು ನಾನು ಅಲ್ಲಿ ಇದ್ದರೆ ತಾನೇ? ಮಗು ಏಳುವ ಮುಂಚೆ ಅಂಗಡಿ ತೆಗೆಯುತ್ತಿದ್ದೆ, ಮಲಗಿದ ಮೇಲೆ ಬರುತ್ತಿದ್ದೆ. ಮೂರು ತಿಂಗಳು ಎಂಬುದು ಮಾತಿನ ಭರದಲ್ಲಿ ನನ್ನ ಬಾಯಿಗೆ ಬಂದ ಲೆಕ್ಕ. ಹೆಂಡತಿ ಇದ್ದಷ್ಟು ವರ್ಷ ಒಂದು ಸಲವೂ ಕೇಳಿರಲಿಲ್ಲ. ಈಗ ಕೇಳಲು ಅವಳಿಲ್ಲ.

ಮಗು ಅತ್ತೂ ಅತ್ತೂ ಗಂಟಲು ಕಟ್ಟಿತು. ಆಮೇಲೆ ಬಿಕ್ಕುವುದೊಂದೇ ಉಳಿಯಿತು. ಗಂಟೆ ಹೊಡೆಯಲು ಐದು ನಿಮಿಷ ಇದೆ ಎನ್ನುವಾಗ ನನ್ನ ಭುಜದ ಮೇಲೆ ಕುತ್ತಿಗೆ ಚೆಲ್ಲಿ ಮಲಗಿಬಿಟ್ಟಿತು.

ಮಗಳು ಓಡಿ ಬಂದಳು. ಯಾರೋ ಒಳಗೆ ಸುದ್ದಿ ಮುಟ್ಟಿಸಿದ್ದಿರಬೇಕು. ರವಿಕೆಯ ಮುಂಭಾಗ ಎರಡೂ ಕಡೆ ಒದ್ದೆಯಾಗಿತ್ತು. ಕಾವಲುಗಾರ ತನ್ನ ಕೋಣೆ ಬಿಟ್ಟುಕೊಟ್ಟು ಹೊರಗೆ ನಿಂತ. ನಾನು ಒಂದು ಪಕ್ಕಕ್ಕೆ ಸರಿದು ಕೂತು, ಬಾಟಲಿ ಚೆಲ್ಲಿದ್ದನ್ನು ಹೇಳಿದೆ. ಅವಳು ಮಗುವನ್ನು ಎದೆಗೆ ಹಚ್ಚಿಕೊಂಡಳು. ಅದು ಎರಡು ಸಲ ಚೀಪಿ ಬಾಯಿ ಬಿಟ್ಟಿತು. ಪಾದ ಚಿವುಟಿದಳು, ಕಿವಿ ಉಜ್ಜಿದಳು, ಮುಖಕ್ಕೆ ನೀರು ಹಚ್ಚಿದಳು. ಸಾಹೇಬರು ಕಣ್ಣು ತೆರೆಯಲಿಲ್ಲ. ಅಷ್ಟು ದಣಿದಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆಯನ್ನು ಅಂಗಡಿಯಲ್ಲಿ ಸಾವಿರ ಸಲ ಹೇಳಿದ್ದೇನೆ. ಅದನ್ನು ಕಣ್ಣಾರೆ ಕಂಡದ್ದು ಅಂದೇ.

"ಬಾಟ್ಲಿ ಕೊಡಪ್ಪ, ತೆಗೆದು ಕೊಡ್ತೀನಿ," ಎಂದಳು.

ಬಾಟಲಿಯನ್ನು ನಾನು ತಂದಿರಲಿಲ್ಲ. ಅದು ಅಡುಗೆಮನೆಯ ನೆಲದ ಮೇಲೆ ಬಿದ್ದಲ್ಲೇ ಇತ್ತು. ಡಬ್ಬಿ ತಂದಿದ್ದೆ, ಚಮಚ ತಂದಿದ್ದೆ, ಬೇಕಾದದ್ದೊಂದನ್ನು ಬಿಟ್ಟು ಬಂದಿದ್ದೆ. ಚೀಲ ತಡಕಾಡಿ ಫ್ಲಾಸ್ಕಿನ ಲೋಟದಂಥ ಮುಚ್ಚಳ ಕೊಟ್ಟೆ. ಅವಳ ಕಣ್ಣು ಡಬ್ಬಿಯ ಮೇಲೆ ಬಿತ್ತು. ಕೊಟ್ಟಿಲ್ಲ, ಮುಚ್ಚಳವನ್ನೂ ತೆಗೆದಿಲ್ಲ ಎಂದು ನಾನಾಗಿಯೇ ಹೇಳಿದೆ. ಅವಳು ಗೋಡೆಯ ಕಡೆ ತಿರುಗಿ ಕೂತಳು. ಅವಸರದಲ್ಲಿ ಹಾಲು ಇಳಿಯುತ್ತದೆಯೇ? ಕಾಲು ಗಂಟೆ ಹೆಣಗಿದರೂ ಮುಚ್ಚಳದ ತಳ ಮುಳುಗುವಷ್ಟೇ ಬಂತು, ಹೆಚ್ಚೆಂದರೆ ನಾಲ್ಕು ಚಮಚ.

ಅದನ್ನು ನನ್ನ ಕೈಗೆ ಕೊಟ್ಟಳು. ಆಮೇಲೆ ಡಬ್ಬಿಯನ್ನು ನೋಡುತ್ತಲೇ ಹೇಳಿದಳು.

"ಇದು ಸಾಲಲ್ಲ. ಎದ್ದಾಗ ಅದನ್ನ ಸ್ವಲ್ಪ ಕೊಡು. ತೆಳ್ಳಗೆ ಮಾಡು."

ಬೆಳಗಿನಿಂದ ಯಾರ ಬಾಯಿಂದಲಾದರೂ ಬರಲಿ ಎಂದು ಕಾದಿದ್ದ ಮಾತು ಕೊನೆಗೂ ಬಂತು. ಈಗ ಅದು ನನಗೆ ಬೇಡವಾಗಿತ್ತು. ಬೇಡ ಕಣಮ್ಮ, ನಿನ್ನ ಮಾತೇ ಸರಿ, ಹಟ ಬಿಡಬೇಡ ಎನ್ನಬೇಕು ಅನ್ನಿಸಿತು. ಹಾಗಂದರೆ ಸಂಜೆ ಆರರವರೆಗೆ ಮಗುವಿಗೆ ಏನು ಕೊಡಲಿ? ಅತ್ತ ದರಿ, ಇತ್ತ ಪುಲಿ. ಅಷ್ಟರಲ್ಲಿ ಅವಳು ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು.

"ಅಪ್ಪ, ನಂಗೆ ನಿಜವಾಗ್ಲೂ ಮೂರು ತಿಂಗಳಿಗೇ ಕೊಟ್ಟಿದ್ರಾ?"

ನಿಜ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿಬಿಟ್ಟರೆ ಅವಳು ಯಾವ ಧೈರ್ಯದ ಮೇಲೆ ಒಳಗೆ ಹೋಗಿ ಕೂರಬೇಕು? ಹೇಳದಿದ್ದರೆ ನನ್ನ ಬಡಾಯಿಯನ್ನು ನಂಬಿ ಕೂಸಿನ ಹೊಟ್ಟೆಯನ್ನು ಅಪಾಯಕ್ಕೆ ಒಡ್ಡಿದ ಹಾಗೆ. ಒಳಗೆ ಗಂಟೆ ಹೊಡೆಯಿತು.

"ಹೂಂ," ಎಂದೆ. "ನಿಮ್ಮಮ್ಮನೇ ಕೊಟ್ಳು. ಏನೂ ಆಗ್ಲಿಲ್ಲ."

ಅವಳು ಸೆರಗು ಸರಿಮಾಡಿಕೊಂಡು, ಮಗುವಿನ ನೆತ್ತಿ ಮೂಸಿ, ಒಳಗೆ ಹೋದಳು. ಊಟವನ್ನೇ ಮಾಡಿರಲಿಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು.

ಮನೆ ಮುಟ್ಟುವಷ್ಟರಲ್ಲಿ ಸಾಹೇಬರು ಎದ್ದರು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಮುಚ್ಚಳ ಹಿಡಿದು, ಒಂದು ಹನಿಯೂ ಚೆಲ್ಲದಂತೆ ಬಂದಿದ್ದೆ. ನಾಲ್ಕು ಚಮಚ ಹಾಲು ನಾಲ್ಕು ನಿಮಿಷದಲ್ಲಿ ಮುಗಿಯಿತು, ಅರ್ಧ ಗಲ್ಲಕ್ಕೆ ಇಳಿದು. ಮತ್ತೆ ಅಳು ಶುರುವಾಯಿತು. ಗಂಟೆ ಇನ್ನೂ ಒಂದೂವರೆ.

ಡಬ್ಬಿಯ ಮುಚ್ಚಳವನ್ನು ಚಮಚದ ಹಿಡಿಯಿಂದ ಎಬ್ಬಿಸಿ ತೆಗೆದೆ. ಒಂದು ಚಿಟಿಕೆ ಹಿಟ್ಟಿಗೆ ನೀರು ಹಾಕಿ ಹಾಲಿನ ಹಾಗೆ ತೆಳ್ಳಗೆ ಕಲಸಿದೆ. ತುಟಿಗಿಟ್ಟು ನೋಡಿದೆ. ರುಚಿಯೂ ಇರಲಿಲ್ಲ, ವಾಸನೆಯೂ ಇರಲಿಲ್ಲ. ನೆಲದ ಮೇಲೆ ಕಾಲು ಚಾಚಿ ಕೂತು ಮಗುವನ್ನು ತೊಡೆಗೆ ಆನಿಸಿಕೊಂಡು, ಎಡಗೈಯಲ್ಲಿ ತಲೆ ಹಿಡಿದೆ. ತಲೆ ಹಿಡಿಯುವುದಾದರೂ ನನಗೆ ಬರುತ್ತದೆ. ಕುತ್ತಿಗೆ ಇನ್ನೂ ವಾಲಾಡುತ್ತಿತ್ತು. ನಡುಗುವ ಕೈಯನ್ನು ಮಂಡಿಗೆ ಒತ್ತಿಕೊಂಡು ಚಮಚ ತುಟಿಗಿಟ್ಟೆ.

ನಾಲಿಗೆ ಅದನ್ನು ಹೊರಗೆ ತಳ್ಳಿತು. ಗಲ್ಲದ ಮೇಲಿಂದ ಬಳಿದು ಮತ್ತೆ ಇಟ್ಟೆ. ಮತ್ತೆ ತಳ್ಳಿತು. ನರ್ಸಮ್ಮ ಹೇಳಿದ್ದನ್ನೇ ಆ ಪುಟ್ಟ ನಾಲಿಗೆ ಒಂದೇ ಸಮನೆ ಹೇಳುತ್ತಿತ್ತು. ಹೊಟ್ಟೆ ಮಾತ್ರ ಕೇಳುವ ಸ್ಥಿತಿಯಲ್ಲಿರಲಿಲ್ಲ. ಅಳುವುದು, ತಳ್ಳುವುದು, ಮತ್ತೆ ಬಾಯಿ ತೆರೆಯುವುದು, ಇಷ್ಟೇ ನಡೆಯಿತು. ಐದನೆಯ ಸಲಕ್ಕೆ ಗುಟುಕೊಂದು ಒಳಗೆ ಹೋದ ಸದ್ದು ಕೇಳಿಸಿತು. ಕೆಮ್ಮುತ್ತಾನೇನೋ ಎಂದು ಕಾದೆ. ಕೆಮ್ಮಲಿಲ್ಲ.

"ನಿಮ್ಮಮ್ಮನಿಗೆ ಯಾವಾಗ ಕೊಟ್ರು ಅಂತ ನಂಗೆ ಗೊತ್ತಿಲ್ಲ ಸಾಹೇಬ್ರೇ," ಎಂದೆ.

ಆ ವಿಷಯದಲ್ಲಿ ನಾನು ಹೇಳಿದ ನಿಜ ಅದೊಂದೇ, ಅದೂ ಮಾತು ಬಾರದವನಿಗೆ. ಅವನು ನನ್ನ ಮುಖವನ್ನೇ ನೋಡುತ್ತ ಬಾಯಿ ತೆರೆದ. ನಾನು ಚಮಚ ಇಟ್ಟೆ.