ಕೆಂಪು ಬೀಗ

ಮನೆಯಲ್ಲಿ ಹಿಡಿಸದ, ಎಸೆಯಲೂ ಮನಸ್ಸು ಬಾರದ ಸಾಮಾನು ಇಡಲು ಕೋಣೆ ಬಾಡಿಗೆಗೆ ಕೊಡುವ ಆ ಗೋದಾಮಿನಲ್ಲಿ ಮ್ಯಾನೇಜರಮ್ಮ ಹೇಳಿದ್ದೇ ವೇದವಾಕ್ಯ. ಆಕೆ ಬರುವ ಮುಂಚೆ ಅಲ್ಲಿ ಇಲಿಗಳು ಸಂಸಾರ ಹೂಡಿದ್ದವು, ತಗಡಿನ ಛಾವಣಿ ಸೋರುತ್ತಿತ್ತು, ಒಬ್ಬರ ಹಾಸಿಗೆ ಇನ್ನೊಬ್ಬರ ಕೋಣೆಯಲ್ಲಿ ಸಿಗುತ್ತಿತ್ತು. ಈಗ ಬೇಕಾದರೆ ನೆಲದ ಮೇಲೇ ಊಟ ಬಡಿಸಬಹುದು. ಕೋಪ ಮಾತ್ರ ಆಕೆಗೆ ಮೂಗಿನ ತುದಿಯಲ್ಲೇ ಇತ್ತು.

ದಿನಾ ಬೆಳಿಗ್ಗೆ ಆಕೆ ಸಾಲುಸಾಲು ಶಟರುಗಳ ಮುಂದೆ ನಡೆದು ಒಂದೊಂದು ಬೀಗವನ್ನೂ ಎಳೆದು ನೋಡುತ್ತಿದ್ದಳು. ಯಾರಾದರೂ ಬೀಗ ಹಾಕದೆ ಹೋಗಿದ್ದರೆ ಕಚೇರಿಯ ಕೆಂಪು ಬೀಗ ಜಡಿದು ಅವರಿಗೆ ಫೋನ್ ಮಾಡುವುದು ಪದ್ಧತಿ. ಅದಕ್ಕೂ ಮುಂಚೆ ಶಟರು ಎತ್ತಿ, ಒಳಗೆ ಯಾರೂ ಇಲ್ಲವೆಂದು ಕಣ್ಣಾರೆ ನೋಡಬೇಕು. ಆ ನಿಯಮ ಮಾಡಿದವಳೂ ಆಕೆಯೇ.

ಕೊನೆಯ ಸಾಲಿನ ಒಂದು ಕೋಣೆ ವಯಸ್ಸಾದ ದರ್ಜಿಯದು. ಅಂಗಡಿಯಿದ್ದ ಕಟ್ಟಡ ಕೆಡವಿದ ಮೇಲೆ ಆತ ತನ್ನ ಹೊಲಿಗೆ ಮೆಷಿನ್ ತಂದು ಇಲ್ಲಿಟ್ಟಿದ್ದ. ಇರುವುದು ಮಗಳ ಮನೆಯಲ್ಲಿ. ಅಳಿಯ ರಾತ್ರಿಪಾಳಿ ಮುಗಿಸಿ ಬಂದು ಹಗಲೆಲ್ಲ ಮಲಗುತ್ತಿದ್ದುದರಿಂದ ಅಲ್ಲಿ ಮೆಷಿನ್ ತುಳಿಯುವ ಹಾಗಿರಲಿಲ್ಲ. ಹಾಗಾಗಿ ಆತ ಬ್ಯಾಟರಿ ದೀಪ ಇಟ್ಟುಕೊಂಡು ಇಲ್ಲೇ ಹೊಲಿಯತೊಡಗಿದ. ಮ್ಯಾನೇಜರಮ್ಮನ ಕೈಗೆ ಆಗಲೇ ಒಮ್ಮೆ ಸಿಕ್ಕಿಬಿದ್ದಿದ್ದ.

"ಯಜಮಾನ್ರೇ, ಇದು ಸಾಮಾನು ಇಡೋ ಜಾಗ, ಮನುಷ್ಯರು ಇರೋ ಜಾಗ ಅಲ್ಲ. ಇನ್ನೊಂದ್ಸಲ ಕಂಡ್ರೆ ಖಾಲಿ ಮಾಡಿಸ್ತೀನಿ."

"ಏನ್ ಮಾಡ್ಲಿ ತಾಯಿ, ಕೈ ಸುಮ್ನೆ ಕೂರಲ್ಲ," ಎಂದು ಆತ ನಕ್ಕಿದ್ದ. ಆ ನಗು ನೋಡಿಯೇ ಆಕೆಯ ಮೈ ಉರಿದಿತ್ತು.

ಅಂದು ಗೋದಾಮಿನ ಮಾಲೀಕರು ಎಲ್ಲವನ್ನೂ ಪರಿಶೀಲಿಸಲು ಬರುವವರಿದ್ದರು. ಆಕೆ ಬೆಳಿಗ್ಗೆಯೇ ಸುತ್ತು ಹೊರಟಳು. ಕೊನೆಯ ಸಾಲಿಗೆ ತಿರುಗುವಾಗ ಕಟಕಟ ಸದ್ದು ಕೇಳಿಸಿತು. ಆಕೆಯ ಚಪ್ಪಲಿಯ ಸಪ್ಪಳಕ್ಕೆ ಅದು ತಟ್ಟನೆ ನಿಂತಿತು. ದರ್ಜಿಯ ಕೋಣೆಯ ಶಟರು ನೆಲದವರೆಗೂ ಇಳಿದಿತ್ತು, ಚಿಲಕದಲ್ಲಿ ಬೀಗವಿರಲಿಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು, ಅಂದುಕೊಂಡಳು. ಈ ಮನುಷ್ಯನಿಗೆ ಬಾಯಿಮಾತಿನಲ್ಲಿ ಹೇಳಿದರೆ ಬುದ್ಧಿ ಬರುವುದಿಲ್ಲ. ಹಲ್ಲು ಕಚ್ಚಿ ಕೆಂಪು ಬೀಗ ಹಾಕಿದಳು. ಬಡಿಯಲಿ, ಎರಡು ಬೈದು ತೆಗೆದರಾಯಿತು ಎಂದು ಅಲ್ಲೇ ನಿಂತಳು.

ಒಳಗಿನಿಂದ ಉಸಿರಿನ ಸದ್ದೂ ಬರಲಿಲ್ಲ. ಅಷ್ಟರಲ್ಲಿ ಗೇಟಿನ ಬಳಿ ಮಾಲೀಕರ ಕಾರು ಹಾರ್ನ್ ಮಾಡಿತು, ಆಕೆ ಹೊರಟುಬಿಟ್ಟಳು.

ಮಾಲೀಕರು ಗೋಡೆ ಮುಟ್ಟಿ ನೋಡಿದರು, ಮೂಲೆಗೆ ಬಗ್ಗಿ ಮೂಸಿದರು. ಏನೂ ತಪ್ಪು ಸಿಗದೆ ಅವರಿಗೇ ಸ್ವಲ್ಪ ಬೇಜಾರಾದಂತಿತ್ತು. ಕೊನೆಯ ಸಾಲಿಗೆ ಬಂದಾಗ ಕೆಂಪು ಬೀಗ ಹಿಡಿದು ಕೇಳಿದರು.

"ಇದೇನಮ್ಮ?"

ಆಕೆ ಆಗಲೇ ಹೇಳಬಹುದಿತ್ತು. ಬೀಗ ತೆಗೆದು, ಇವರೊಬ್ಬರು ಒಳಗಿದ್ದಾರೆ ಸಾರ್ ಎಂದಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು.

"ಬೀಗ ಹಾಕದೆ ಹೋಗಿದ್ರು ಸಾರ್. ನಾನೇ ಹಾಕಿದೆ."

"ಶಟರ್ ಎತ್ತಿ ನೋಡಿದ್ರಿ ತಾನೆ?"

"ನೋಡಿದೆ ಸಾರ್."

"ಭೇಷ್! ಹೀಗಿರ್ಬೇಕು ನೋಡಿ ಕೆಲಸ," ಎಂದು ಅವರು ಆ ಶಟರಿನ ಮೇಲೆಯೇ ಕೈಯಿಂದ ತಟ್ಟಿದರು. ಒಳಗಿನಿಂದ ಆಗಲೂ ಸದ್ದಿಲ್ಲ. ಯಾರೂ ಇರಲಿಕ್ಕಿಲ್ಲ, ಕಟಕಟ ಅಂದದ್ದು ಬೇರೆ ಏನೋ ಇರಬೇಕು ಎಂದು ಆಕೆ ತನಗೆ ತಾನೇ ಹೇಳಿಕೊಂಡಳು. ನಂಬಿಕೆ ಬರಲಿಲ್ಲ, ಆದರೂ ಹೇಳಿಕೊಂಡಳು.

ಮಾಲೀಕರು ಹಾಗೆಲ್ಲ ಬೇಗ ಏಳುವ ಪೈಕಿಯವರಲ್ಲ. ಕಚೇರಿಯಲ್ಲಿ ಕೂತು ಕಾಫಿ ಕುಡಿದರು, ಹೊಸ ಕೋಣೆ ಕಟ್ಟಿಸುವ ಮಾತೆತ್ತಿದರು, ಮಗಳ ಮದುವೆಯ ಮಾತಿಗೆ ಇಳಿದರು. ಬಿಸಿಲೇರಿ ತಗಡು ಚಟಪಟ ಎನ್ನತೊಡಗಿತು. ಕಾಲಡಿಯಲ್ಲಿ ಕೆಂಡವಿದ್ದಂತೆ ಆಕೆ ಕುರ್ಚಿಯ ತುದಿಯಲ್ಲಿ ಕೂತು ಹೂಂಗುಟ್ಟಿದಳು. ಅವರ ಕಾರು ಗೇಟು ದಾಟಿದ್ದೇ ತಡ, ಎದ್ದುಬಿದ್ದು ಓಡಿದಳು. ಕೆಂಪು ಬೀಗ ತೆಗೆದಳು.

ಶಟರು ಎತ್ತಿದಾಗ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಶಟರು ಪೂರ್ತಿ ಇಳಿದರೂ ಕೆಳಗೆ ಬೆರಳಗಲದ ಸಂದು ಉಳಿಯುತ್ತಿತ್ತು. ದರ್ಜಿ ಆ ಸಂದಿಗೆ ಮೂಗು ಕೊಟ್ಟು ನೆಲದ ಮೇಲೆ ಮಲಗಿದ್ದ. ಅಂಗಿ ಒದ್ದೆಮುದ್ದೆ, ತುಟಿ ಬೆಳ್ಳಗೆ. ಆಕೆ ತಲೆಯೆತ್ತಿ ಹಿಡಿದು ನೀರು ಕುಡಿಸಿದಳು. ನೀರು ಅರ್ಧ ಬಾಯಿಗೆ, ಅರ್ಧ ಎದೆಗೆ. ಸುಮಾರು ಹೊತ್ತಿನ ಮೇಲೆ ಆತ ಎದ್ದು ಗೋಡೆಗೆ ಒರಗಿದ.

"ಡಾಕ್ಟರ ಹತ್ರ ಹೋಗೋಣ. ಮಗಳಿಗೆ ಫೋನ್ ಮಾಡ್ತೀನಿ."

"ಬೇಡ ತಾಯಿ, ಮಾಡ್ಬೇಡಿ. ಗೊತ್ತಾದ್ರೆ ಅವಳು ಇಲ್ಲಿಗೂ ಕಳಿಸಲ್ಲ."

ಇಷ್ಟಾದ ಮೇಲೂ ಇಲ್ಲಿಗೇ ಬರುವ ಆಸೆ ಈ ಮುದುಕನಿಗೆ! ಸುಳ್ಳು ಹೇಳಲು ಈಗ ಆಕೆಗೆ ನಾಲಿಗೆ ಏಳಲಿಲ್ಲ.

"ನೀವು ಒಳಗಿರೋದು ನಂಗೆ ಗೊತ್ತಿತ್ತು."

"ನಂಗೂ ಗೊತ್ತಿತ್ತಮ್ಮ. ಬೀಗ ಹಾಕಿ ಸ್ವಲ್ಪ ಹೊತ್ತು ನಿಂತಿದ್ರಲ್ಲ."

"ಮತ್ತೆ ಯಾಕ್ರೀ ಕೂಗ್ಲಿಲ್ಲ? ಸತ್ತೇ ಹೋಗಿದ್ರೆ? ಕೂಗಿದ್ರೆ ಯಾರಾದ್ರೂ ಬಂದು ತೆಗೀತಿರ್ಲಿಲ್ವಾ?"

"ಯಾರು ಬರ್ತಾರೆ?" ಎಂದ ಆತ. "ನೀವೇ ತಾನೆ."

ಅದರಲ್ಲಿ ಕೊಂಕಿರಲಿಲ್ಲ. ದಾರಿ ಕೇಳಿದವರಿಗೆ ದಾರಿ ಹೇಳುವ ಹಾಗೆ ಹೇಳಿದ್ದ. ಆಕೆಗೆ ತನ್ನ ಮುಖವನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

"ನಾಳೆಯಿಂದ ಶಟರ್ ತೆಗೆದಿಟ್ಕೊಂಡೇ ಹೊಲೀರಿ," ಎಂದು ಗಡಬಡಿಸಿದಳು. "ನಾನು ಮಾಲೀಕರಿಗೆ ಹೇಳ್ತೀನಿ. ಇವತ್ತಿನದೂ ಹೇಳ್ತೀನಿ. ಯಾರೂ ನಿಮ್ಮನ್ನ ಏನೂ ಅನ್ನಲ್ಲ."

"ಆಗ್ಲಿ ತಾಯಿ," ಎಂದ ಆತ. ಆಕೆ ಏನು ಹೇಳಿದ್ದರೂ ಹಾಗೆಯೇ ಅನ್ನುತ್ತಿದ್ದ. ಅರ್ಧ ಹೊಲಿದ ಬಟ್ಟೆಯನ್ನು ಸೂಜಿಯಡಿಯಿಂದ ಬಿಡಿಸಿ ಮಡಚಿದ, ಮೆಷಿನ್ ಮೇಲೆ ಹಳೆ ಬೆಡ್‌ಶೀಟು ಹೊದಿಸಿ ಅದರ ತುದಿಗಳನ್ನು ಗಂಟು ಹಾಕಿದ. ಬಾಗಿಲವರೆಗೆ ಬಂದು ನಿಂತುಬಿಟ್ಟ.

"ಹೋಗ್ಲಾ ತಾಯಿ?"

ಶಟರು ತಲೆಯ ಮೇಲಿನವರೆಗೂ ತೆರೆದೇ ಇತ್ತು. ಆಮೇಲೆ ಆಕೆಗೆ ತಿಳಿಯಿತು, ತಾನೇ ಬಾಗಿಲಿಗೆ ಅಡ್ಡ ನಿಂತಿದ್ದಳು. ಸರಿದು ಜಾಗ ಬಿಟ್ಟಳು. ಆಕೆಯ ಸೆರಗೂ ತಾಗದಂತೆ ಆತ ಗೋಡೆಗೆ ಒತ್ತಿಕೊಂಡು ಹೊರಗೆ ಹೋದ.