ನಾಲ್ಕು ಚೀಲದ ಜೀಪು

ಚಾನಲ್ ಏರಿಯ ಮಣ್ಣುದಾರಿಯಲ್ಲಿ ಮೂರನೇ ಗುಂಡಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಅಲ್ಲಿ ಜೀಪಿನ ಹಿಂಭಾಗ ಧಡ್ಡೆಂದು ಕೂತಿತು. ಕೂತದ್ದು ಮತ್ತೆ ಏಳಲಿಲ್ಲ. ಹಿಂದುಗಡೆ ಮೋಟಾರು ಗಾಲಿಕುರ್ಚಿಯ ಸಮೇತ ನಾಲ್ಕು ಬೆಲ್ಟಿನಲ್ಲಿ ಬಿಗಿಸಿಕೊಂಡು ಕೂತಿದ್ದ ಶಾಂತಲಾಳ ಹಲ್ಲಿಗೆ ಹಲ್ಲು ಬಡಿಯಿತು.

"ಏನಾಯ್ತ್ರೀ?"

"ಏನಿಲ್ಲ, ಏನಿಲ್ಲ. ನೀನು ಅಲ್ಲಾಡಬ್ಯಾಡ," ಎನ್ನುತ್ತಲೇ ಅವಳ ಗಂಡ ಕಲ್ಲೇಶ್ ಸ್ಟೇರಿಂಗ್ ಬಿಟ್ಟು ಕೆಳಗೆ ಹಾರಿದ.

ಅಲ್ಲಾಡಬೇಡವಂತೆ! ಅವಳ ಸೊಂಟದಿಂದ ಕೆಳಗೆ ಏನಾದರೂ ಅಲ್ಲಾಡಿ ಎರಡೂವರೆ ವರ್ಷವಾಗಿತ್ತು. ತಾರಸಿ ಮೆಟ್ಟಿಲಿನಿಂದ ಜಾರಿ ಬೆನ್ನುಮೂಳೆ ಮುರಿದುಕೊಂಡ ದಿನದಿಂದ ನಲ್ಲೂರಿನಾಚೆಯ ತಮ್ಮ ಮನೆಯ ಪಡಸಾಲೆ ಬಿಟ್ಟು ಅವಳು ಆಸ್ಪತ್ರೆಗಷ್ಟೇ ಹೋಗಿದ್ದಳು, ಅದೂ ನಾಲ್ಕು ಜನರ ಕೈಮೇಲೆ. ಕೆರೆಬಿಳಚಿಯಲ್ಲಿ ಅವಳದೇ ಹೊಲಿಗೆ ಅಂಗಡಿಯಿತ್ತು. ಅದರ ಶಟರ್ ಅಂದು ಎಳೆದದ್ದು ಎಳೆದ ಹಾಗೇ ಇತ್ತು. ಮನೆಯಿಂದ ಡಾಂಬರು ರಸ್ತೆಗೆ ಒಂದೂವರೆ ಕಿಲೋಮೀಟರು ಮಣ್ಣಿನ ಏರಿ. ಆಟೋದವರು ಬರುವುದಿಲ್ಲ, ಕಾರು ತಂದರೆ ಹೊಟ್ಟೆ ಉಜ್ಜುತ್ತದೆ. ಅದಕ್ಕೇ ಕಲ್ಲೇಶ್ ಒಂದು ಹಳೇ ಜೀಪು ಹುಡುಕಿ, ಹಿಂಭಾಗ ಕತ್ತರಿಸಿ, ಕುರ್ಚಿಯನ್ನು ಎತ್ತಿ ಇಳಿಸುವ ಲಿಫ್ಟ್ ಕೂರಿಸಿದ್ದ. ಜೊತೆಗೇ ಒಂದು ಮಾತನ್ನೂ ಹೇಳಿಟ್ಟಿದ್ದ: "ಇದೊಂದು ನೋಡಾಣ. ಇದೂ ಆಗ್ಲಿಲ್ಲ ಅಂದ್ರೆ ಜೀಪ್ ಮಾರಿಬಿಡಾಣ. ಆಮೇಲೆ ಅಂಗಡಿ ಗಿಂಗಡಿ ಅಂತ ಮನಸ್ಸಿಗೆ ಹಚ್ಚಿಕೊಬ್ಯಾಡ."

ರಗಳೆಯೆಲ್ಲ ಸ್ಪ್ರಿಂಗಿನದು. ಹೊಸ ಭಾರಕ್ಕೆ ಅದರ ಹಳೇ ಉಕ್ಕಿನ ಪಟ್ಟಿಗಳು, ಅಂದರೆ ಬ್ಲೇಡುಗಳು, ಆಗುವುದಿಲ್ಲವೆಂದು ಕಲ್ಲೇಶ್ ಜಗಳೂರಿನ ಗೋಣೆಪ್ಪನನ್ನು ಹಿಡಿದಿದ್ದ. ಟ್ರೇಲರಿಗೂ ಜೀಪಿಗೂ ಸ್ಪ್ರಿಂಗ್ ಬ್ಲೇಡು ಬಡಿದು ಬಡಿದು ಕೈ ಪಳಗಿದ ಮುದುಕ. ಬ್ಲೇಡು ಗಟ್ಟಿಯಾದರೆ ಭಾರ ಹೊರುತ್ತದೆ, ಆದರೆ ದಾರಿಯ ಒಂದೊಂದು ಗುಂಡಿಯೂ ಶಾಂತಲಾಳ ಕುತ್ತಿಗೆಗೆ ಏರುತ್ತದೆ. ಮೆತ್ತಗಾದರೆ ಕುಲುಕುವುದಿಲ್ಲ, ಆದರೆ ಗಾಡಿಯ ಹಿಂಭಾಗ ಕೂತುಬಿಡುತ್ತದೆ. ಗಂಡಸರಿಬ್ಬರೂ ವಾರಗಟ್ಟಲೆ ಫೋನಿನಲ್ಲಿ ಇದನ್ನೇ ಜಗಿದರು. ಕೂರುವವಳನ್ನು ಮಾತ್ರ ಒಬ್ಬರೂ ಕೇಳಲಿಲ್ಲ. "ಮೆತ್ತಗಿರ್ಲಿ ಗೋಣೆಪ್ಪಾರೆ, ಅವಳಿಗೆ ಕುಲುಕಬಾರ್ದು. ಭಾರ ನಾಲ್ಕು ಚೀಲ ಅಂತ ಇಟ್ಕಳ್ರಿ," ಎಂದು ಕಲ್ಲೇಶ್ ಅಂಗಳದಲ್ಲಿ ನಿಂತು ಹೇಳಿದ್ದು ಅವಳಿಗೆ ಕಿಟಕಿಯಿಂದ ಕೇಳಿಸಿತ್ತು. ಪ್ರೀತಿಯೇ ಅದು, ಅಲ್ಲವೆನ್ನಲಾಗದು. ಆದರೂ ಅವತ್ತು ಅವಳಿಗೆ ಮೈಯೆಲ್ಲ ಉರಿದಿತ್ತು.

ಇವತ್ತು ಜೀಪಿನ ಮೊದಲ ಓಟ, ಕೆರೆಬಿಳಚಿಯ ಅಂಗಡಿಗೆ. ತನ್ನ ಕೆಲಸ ನೋಡಲೆಂದು ಗೋಣೆಪ್ಪನೂ ಬಂದು ಮುಂದಿನ ಸೀಟಿನಲ್ಲಿ ಕೂತಿದ್ದ. ಈಗ ಅವನೂ ಇಳಿದು ಹಿಂದಕ್ಕೆ ಬಂದ. ಕಲ್ಲೇಶ್ ಲಿಫ್ಟಿನ ಸ್ವಿಚ್ಚು ಒತ್ತಿದ. ಅದು ಗುರ್ರೆಂದು ಸುಮ್ಮನಾಯಿತು. ಅದರ ಚೌಕಟ್ಟು ನೆಲದ ಕಲ್ಲಿಗೆ ಕಚ್ಚಿಕೊಂಡಿತ್ತು. ಲಿಫ್ಟ್ ಇಳಿಯದೆ ಹಿಂದಿನ ಬಾಗಿಲು ತೆರೆದುಕೊಳ್ಳುವುದಿಲ್ಲ. ಬೆಲ್ಟಿನ ಕೊಕ್ಕೆಗಳೋ ಕುರ್ಚಿಯ ಹಿಂದೆ, ಅವಳ ಕೈಗೆ ಎಟುಕದ ಕಡೆ. ಎರಡೂ ಬದಿಗೆ ತಗಡು, ತಲೆಯ ಮೇಲೆ ತಗಡು, ಮೇಲೆ ಏಪ್ರಿಲ್ ತಿಂಗಳ ಬಿಸಿಲು. ಬೆವರು ಕಣ್ಣಿಗಿಳಿಯಿತು. ಪಡಸಾಲೆಯಲ್ಲಿ ಫ್ಯಾನಾದರೂ ಇತ್ತಲ್ಲ ಎಂದುಕೊಂಡಳು, ಹಾಗೆಂದುಕೊಂಡದ್ದಕ್ಕೇ ಅವಳಿಗೆ ಅಳು ಬಂತು.

ಹೊರಗೆ ಜಗಳ ಹತ್ತಿಕೊಂಡಿತ್ತು.

"ನಾಲ್ಕು ಚೀಲ ಅಂದ್ರಲ್ರೀ ನೀವು!" ಎಂದ ಗೋಣೆಪ್ಪ.

"ನಾಲ್ಕೇ ಚೀಲ ಇರೋದು!"

"ನಾಲ್ಕು ಚೀಲಕ್ಕೆ ನನ್ ಬ್ಲೇಡು ಹಿಂಗೆ ಕೂರಾಕೆ ಸಾಧ್ಯಾನೇ ಇಲ್ಲ."

"ಒಂದಕ್ಕೆ ಎಪ್ಪತ್ತರಂಗೆ ಇನ್ನೂರ ಎಂಬತ್ತು ಕೇಜಿ. ತೂಗಿ ನೋಡ್ರಿ ಬೇಕಾದ್ರೆ!"

"ಎಪ್ಪತ್ತಾ? ಯಾವ ಚೀಲಾರೀ ಎಪ್ಪತ್ತು ಕೇಜಿ?"

"ಅಡಿಕೆ ಚೀಲ! ಇನ್ಯಾವ್ದು?"

"ಅಯ್ಯೋ ಶಿವನೇ!" ಗೋಣೆಪ್ಪ ಹಣೆ ಹಣೆ ಬಡಿದುಕೊಂಡ. "ನಮ್ ಕಡೆ ಚೀಲ ಅಂದ್ರೆ ಶೇಂಗಾ ಚೀಲ ಕಣ್ರೀ. ನಲ್ವತ್ತು ಕೇಜಿ! ನಾನು ನೂರರವತ್ತಕ್ಕೆ ಬಡಿದೀನಿ."

ಹೇಗಿದೆ ನೋಡಿ! ವಾರಗಟ್ಟಲೆ ಮಾತಾಡಿದ ಇಬ್ಬರು ಜಾಣರಿಗೂ ಯಾವ ಚೀಲ ಎಂದು ಕೇಳಬೇಕೆನ್ನಿಸಿರಲಿಲ್ಲ. ಈಗ ಒಬ್ಬ ಅಡಿಕೆಯ ಪರ, ಇನ್ನೊಬ್ಬ ಶೇಂಗಾದ ಪರ. ಶಾಂತಲಾ ಒಳಗೇ ಕೂತು ಕೂಡಿಸತೊಡಗಿದಳು. ಕೂಡಿಸುತ್ತ ಕೂಡಿಸುತ್ತ ಲೆಕ್ಕದಲ್ಲಿ ಏನೋ ಬಿಟ್ಟುಹೋದಂತೆನ್ನಿಸಿತು.

"ರೀ," ಎಂದಳು. ಕೇಳಲಿಲ್ಲ. ಮತ್ತೊಮ್ಮೆ ಕೂಗಿದಳು. ಅದೂ ಕೇಳಲಿಲ್ಲ. ಮಡಿಲಲ್ಲಿದ್ದ ಅಂಗಡಿಯ ಬೀಗದ ಕೈಯಿಂದ ತಗಡಿಗೆ ಠಣಠಣ ಬಡಿದಳು. ಕಲ್ಲೇಶ್ ಗಾಬರಿಯಿಂದ ಕಿಟಕಿಗೆ ಮುಖವಿಟ್ಟ.

"ನಿಮ್ ನಾಲ್ಕು ಚೀಲ ಬಿಡಿಸಿ ಹೇಳ್ರಿ."

"ಲಿಫ್ಟ್ ನೂರ ಮೂವತ್ತು. ಕುರ್ಚಿ ತೊಂಬತ್ತು. ಬ್ಯಾಟರಿ ಅರವತ್ತು. ಆಯ್ತಲ್ಲ, ಇನ್ನೂರ ಎಂಬತ್ತು."

"ನಾನು?"

ಕಲ್ಲೇಶ್ ಕಿಟಕಿಯಿಂದ ಮುಖ ಹಿಂದಕ್ಕೆಳೆದುಕೊಂಡ. ಅವನ ಕಿವಿ ಕೆಂಪಗಾಯಿತು.

"ಅಲ್ಲ ಕಣೇ... ನಿನ್ನ ಹೆಂಗೆ ಚೀಲದ ಲೆಕ್ಕದಾಗೆ ಹೇಳ್ಲಿ? ನೀನೇನು ಮಾಲಾ? ಬಾಯೇ ಬರ್ಲಿಲ್ಲ."

ಅವಳಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಈ ಜೀಪು ಯಾರಿಗಾಗಿ ಬಂತೋ ಅವಳನ್ನೇ ಬಿಟ್ಟು ಮಿಕ್ಕಿದ್ದನ್ನೆಲ್ಲ ತೂಗಿದ್ದನಲ್ಲ, ಪುಣ್ಯಾತ್ಮ! ಅಡಿಕೆಯ ಚೀಲ ಹಿಡಿದರೂ ಅವಳು ಅದರಲ್ಲಿರಲಿಲ್ಲ.

ಗೋಣೆಪ್ಪ ಗಂಟಲು ಸರಿಮಾಡಿಕೊಂಡ. "ಅದೆಲ್ಲ ಆಮೇಲೆ ತಾಯಿ. ಮುಂದ್ಲಿಂದ ಒಳಗೆ ಬಂದು ಬೆಲ್ಟ್ ಬಿಚ್ಚಿ, ಸೀಟಿನ ಮೇಲಿಂದ ನಿಮ್ಮನ್ನ ಎತ್ಕೊಂತೀವಿ. ನೀವಿಳಿದ್ರೆ ಜೀಪ್ ತಾನೇ ಏಳ್ತೈತೆ."

"ಹೂಂ, ಎತ್ಕೊಂಡು ಮನೆಗೆ ಹೋಗಾಣ," ಎಂದ ಕಲ್ಲೇಶ್. "ಸಾಕು ಈ ಜೀಪಿನ ಸಹವಾಸ."

ಆ ಸಾಕು ಎಂಬ ಮಾತಿನ ಅರ್ಥ ಅವಳಿಗೆ ಗೊತ್ತಿತ್ತು. ಈಗ ಇವರ ಕೈಮೇಲೆ ಇಳಿದರೆ ನೇರ ಪಡಸಾಲೆಗೇ. ನಾಳೆ ಜೀಪು ಬೇರೆಯವರ ಮನೆಯ ಮುಂದೆ ನಿಂತಿರುತ್ತದೆ.

"ಮುಟ್ಟಬ್ಯಾಡ್ರಿ ನನ್ನ," ಎಂದಳು. "ನಾನಿಳಿದ್ರೆ ಗಾಡಿ ಸರಿ ಇದ್ದಂಗೇ ಕಾಣ್ತೈತೆ. ಮತ್ತೆ ಅದೇ ಸುಳ್ಳು ಲೆಕ್ಕ. ಗೋಣೆಪ್ಪಾರೆ, ಮೆತ್ತಗೂ ಇದ್ದು ಭಾರಾನೂ ಹೊರೋ ಬ್ಲೇಡು ಇಲ್ಲೇ ಇಲ್ವಾ?"

"ಐತೆ ತಾಯಿ. ಮೇಲೆ ಮೆತ್ತಗಿರೋವು ನಾಲ್ಕು, ಕೆಳಗೆ ದಪ್ಪದ್ದು ಒಂದು. ಭಾರ ಬಿದ್ದಾಗ ಮಾತ್ರ ಕೆಳಗಿನದು ಹೆಗಲು ಕೊಡ್ತೈತೆ. ಆದ್ರೆ ದೊಡ್ಡ ಗುಂಡಿಗೆ ಒಂಚೂರು ಕುಲುಕ್ತೈತೆ."

"ನೋಡು, ಕುಲುಕ್ತೈತಂತೆ..." ಎಂದು ಕಲ್ಲೇಶ್ ಶುರುಮಾಡಿದ.

"ಕುಲುಕ್ಲಿ! ಕುಲುಕೋದು ನನ್ ಕುತ್ತಿಗೆ. ಅದನ್ನ ನಾನು ನೋಡ್ಕೊಂತೀನಿ. ಬರ್ಕಳ್ರಿ ಗೋಣೆಪ್ಪಾರೆ, ಚೀಲ ಗೀಲ ಬ್ಯಾಡ, ಕೇಜೀಲಿ ಬರ್ಕಳ್ರಿ."

ಗೋಣೆಪ್ಪ ಜೇಬಿನಿಂದ ಸೀಮೆಸುಣ್ಣ ತೆಗೆದು ಅವಳ ಕಿಟಕಿಯ ಕೆಳಗೇ ತಗಡಿನ ಮೇಲೆ ಬರೆದ. ಲಿಫ್ಟ್ ೧೩೦, ಕುರ್ಚಿ ೯೦, ಬ್ಯಾಟರಿ ೬೦. ಆಮೇಲೆ ಏನು ಬರೆಯಬೇಕೆಂದು ತೋಚದೆ ಅವಳ ಮುಖ ನೋಡಿದ.

"ಶಾಂತಲಾ," ಎಂದಳು ಅವಳು. "ಎಪ್ಪತ್ತೆರಡು."

ಅವನು ಅದನ್ನೂ ಬರೆದ. ಕಲ್ಲೇಶ್ ಆ ಸಾಲನ್ನು ಬೆರಳಿಟ್ಟು ಓದಿದ. ಸೀಟಿನಡಿಯಿಂದ ಜ್ಯಾಕ್ ಎಳೆದು ತಂದು ಅವಳು ಒಳಗಿದ್ದ ಹಾಗೇ ಗಾಡಿ ಎತ್ತಲು ಜೀಪಿನ ಕೆಳಗೆ ಕೊಟ್ಟು ಒತ್ತತೊಡಗಿದ. ಗೋಣೆಪ್ಪ ಚಕ್ರದಡಿಗೆ ಕಲ್ಲು ಸೇರಿಸುತ್ತ ಹೋದ. ಒಳಗೆ ಶಾಂತಲಾ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕೂತಳು. ಬೆಲ್ಟು ಇನ್ನೂ ಬಿಗಿದೇ ಇತ್ತು, ತಗಡು ಕಾಯುತ್ತಲೇ ಇತ್ತು. ಜೀಪು ಬೆರಳಷ್ಟೂ ಏಳಲಿಲ್ಲ.

"ಭಾಳ ಭಾರ ಐತೆ ಕಣೇ," ಎಂದ ಕಲ್ಲೇಶ್ ಕೆಳಗಿನಿಂದ ಏದುಸಿರು ಬಿಡುತ್ತ.

"ಇರ್ತೈತೆ," ಎಂದಳು ಶಾಂತಲಾ. "ಒಳಗೆ ನಾನಿದೀನಲ್ಲ. ಎತ್ರಿ."